ಲೋಹದಲ್ಲಿ ಅಮೂರ್ತ ಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಲೋಹದಲ್ಲಿ ಅಮೂರ್ತ ಶಿಲ್ಪ ಮಾಡುತ್ತೇನೆ. ಜಾಸ್ತಿ ಸಮಯ ಹೋಗುವುದು ಪ್ರಯೋಗಗಳಲ್ಲಿ. ತಗಡು ಉಬ್ಬಿಸುವುದು, ಕುಗ್ಗಿಸುವುದು, ಕಾಯಿಸಿ ತಿರುಚುವುದು, ತುಕ್ಕು ಬರಿಸುವುದು ಹೀಗೆ. ಕೆಲಸ ನೋಡಲು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಒಳ್ಳೆಯ ಪ್ರಶ್ನೆಗಳೇ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಏನು? ಹಕ್ಕಿನಾ, ಮನುಷ್ಯನಾ, ಮೋಡನಾ?

ಯಾವುದೂ ಅಲ್ಲ. ಒಳಗೆ ಏನನ್ನೋ ಬಚ್ಚಿಟ್ಟು ನಿಮ್ಮಿಂದ ಹುಡುಕಿಸುವ ಆಟ ಇದಲ್ಲ. ಎದುರಿಗೆ ಇರುವುದೇ ವಿಷಯ: ಇಷ್ಟು ದಪ್ಪದ ಉಕ್ಕು, ಇಲ್ಲಿ ಬಾಗಿದೆ, ಇಲ್ಲಿ ಬಿಗಿಯಾಗಿದೆ, ಇಲ್ಲಿ ಇನ್ನೇನು ಬಿತ್ತು ಅನ್ನುವಂತೆ ವಾಲಿದೆ. ಭಾರ, ಬಿಗಿ, ಸಮತೋಲ ಇವೆಲ್ಲ ನಮ್ಮ ಮೈಗೆ ಚೆನ್ನಾಗಿ ಗೊತ್ತು. ವಾಲಿ ನಿಂತ ಗೋಡೆಯ ಪಕ್ಕ ನಡೆಯುವಾಗ ಯಾರೂ ಹೇಳಿಕೊಡದೆ ಹೆಜ್ಜೆ ಸ್ವಲ್ಪ ಆಚೆ ಸರಿಯುತ್ತದೆ, ಅಲ್ವಾ? ಆ ಸರಿಯುವಿಕೆಯೇ ನೋಡುವುದರ ಶುರು. ಆಮೇಲೆ ನಿಮಗೆ ಅದು ಹಕ್ಕಿ ಅನಿಸಿದರೆ ಅನಿಸಲಿ, ನನ್ನ ತಕರಾರಿಲ್ಲ.

ಹಾಗಾದರೆ ಹೇಗೆ ಬೇಕಾದರೂ ಮಾಡಬಹುದಲ್ವಾ? ತಪ್ಪು ಸರಿ ಅಂತ ಏನೂ ಇಲ್ವಾ?

ಇದೆ. ಮುಖ ಕೆತ್ತುವವರಿಗೆ ಎದುರಿಗೆ ಒಂದು ಮುಖ ಇರುತ್ತದೆ, ಹೋಲಿಸಿ ನೋಡಬಹುದು. ನಮಗೆ ಆ ಆಸರೆ ಇಲ್ಲ. ಒಂದು ಬಾಗು ಎರಡು ಬೆರಳು ಹೆಚ್ಚಾದರೆ ಇಡೀ ಕೆಲಸ ಸಡಿಲವಾಗಿ ಕಾಣುತ್ತದೆ. ಯಾಕೆ ಅಂತ ಹೇಳುವುದು ಕಷ್ಟ, ಆದರೆ ನೋಡಿದ ಎಲ್ಲರಿಗೂ ಗೊತ್ತಾಗುತ್ತದೆ.

ಕಲ್ಲು, ಮಣ್ಣು, ಮರ ಬಿಟ್ಟು ಲೋಹವೇ ಯಾಕೆ?

ಲೋಹ ಎಳೆತವನ್ನು ತಾಳಿಕೊಳ್ಳುತ್ತದೆ. ಕಲ್ಲಿನ ಮೇಲೆ ಎಷ್ಟು ಭಾರ ಹೇರಿದರೂ ಹೊರುತ್ತದೆ, ಆದರೆ ಉದ್ದಕ್ಕೆ ಚಾಚಿ ಹಿಡಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಉಕ್ಕಿನ ಸರಳು ಹಾಗಲ್ಲ. ಒಂದೇ ಬುಡದಿಂದ ಗಾಳಿಯಲ್ಲಿ ಉದ್ದಕ್ಕೆ ಹೋಗಬಲ್ಲದು, ಬೇಕಾದ ಕಡೆ ತಿರುಗಬಲ್ಲದು. ಅಂದರೆ ಶಿಲ್ಪ ಗಟ್ಟಿ ಮುದ್ದೆಯೇ ಆಗಿರಬೇಕು ಅನ್ನುವ ಕಟ್ಟು ಬಿಟ್ಟುಹೋಗುತ್ತದೆ. ಸುತ್ತಲಿನ ಖಾಲಿ ಜಾಗವೂ ಶಿಲ್ಪದ ಭಾಗವಾಗುತ್ತದೆ.

ಈ ದಾರಿ ತೆರೆದವರಲ್ಲಿ ದೊಡ್ಡ ಹೆಸರು ಸ್ಪೇನಿನ ಹುಲಿಯೊ ಗೊನ್ಸಾಲೆಸ್. ಅವರದು ಲೋಹದ ಕುಸುರಿ ಕೆಲಸದ ಮನೆತನ. 1918ರಲ್ಲಿ ಫ್ರಾನ್ಸಿನ ರೆನೊ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತರು. ಸುಮಾರು ಹತ್ತು ವರ್ಷದ ನಂತರ, 1928ರ ಹೊತ್ತಿಗೆ, ಪಿಕಾಸೊ ತನ್ನ ಕಬ್ಬಿಣದ ಕೆಲಸಗಳಿಗೆ ಅವರ ಸಹಾಯ ಕೇಳಿದರು. ಪಿಕಾಸೊ ಬೆಸುಗೆಯ ಕಲೆ ಕಲಿತರು. ಗೊನ್ಸಾಲೆಸ್‌ಗೆ ತನ್ನ ಕೈಯಲ್ಲಿದ್ದ ವಿದ್ಯೆಯಿಂದ ಎಷ್ಟು ಹೊಸದನ್ನು ಮಾಡಬಹುದು ಅನ್ನುವ ಧೈರ್ಯ ಬಂತು. ಅವರ ಅತ್ಯುತ್ತಮ ಕೆಲಸಗಳು ಐವತ್ತು ದಾಟಿದ ಮೇಲಿನವು. ಕಾರ್ಖಾನೆಯಲ್ಲಿ ಹೊಟ್ಟೆಪಾಡಿಗೆ ಕಲಿತ ಕೆಲಸ ಇಪ್ಪತ್ತನೇ ಶತಮಾನದ ಶಿಲ್ಪದ ದಿಕ್ಕನ್ನೇ ಬದಲಿಸಿತು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಅಮೆರಿಕದ ಡೇವಿಡ್ ಸ್ಮಿತ್ ಕೂಡ ಚಿಕ್ಕ ವಯಸ್ಸಿನಲ್ಲೇ ಕಾರಿನ ಕಾರ್ಖಾನೆಯಲ್ಲಿ ಲೋಹದ ಕೆಲಸ ಮಾಡಿದವರು. ಗೊನ್ಸಾಲೆಸ್ ಮತ್ತು ಪಿಕಾಸೊ ಮಾಡಿದ ಬೆಸುಗೆಯ ಶಿಲ್ಪಗಳ ಚಿತ್ರ ನೋಡಿದ ಮೇಲೆ, ತನಗೆ ಮೊದಲೇ ಗೊತ್ತಿದ್ದ ಕೆಲಸವೇ ಕಲೆಯಾಗಬಲ್ಲದು ಅಂತ ಅವರಿಗೆ ಹೊಳೆಯಿತು.

ಪ್ರಯೋಗ ಅಂತೀರಲ್ಲ, ನಿಜವಾಗಿ ಏನು ಮಾಡುತ್ತೀರಿ?

ಲೋಹಕ್ಕೆ ಒಂದು ಕೆಲಸ ಕೊಟ್ಟು, ಅದು ಏನು ಮಾಡುತ್ತದೆ ಅಂತ ನೋಡುತ್ತೇನೆ. ಮನಸ್ಸಿನಲ್ಲಿ ಆಕಾರ ಮೊದಲೇ ಇದ್ದು, ಅದಕ್ಕೆ ಲೋಹವನ್ನು ಬಗ್ಗಿಸುವುದು ಒಂದು ದಾರಿ. ಆಕಾರ ಏನು ಬರಬೇಕು ಅಂತ ಲೋಹಕ್ಕೇ ಬಿಡುವುದು ಇನ್ನೊಂದು. ನನ್ನದು ಎರಡನೆಯದು.

ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1967ರ ಸುಮಾರಿಗೆ ಬರೀ ಕ್ರಿಯಾಪದಗಳ ಒಂದು ಪಟ್ಟಿ ಬರೆದರು: ಸುರುಳಿ ಸುತ್ತು, ಮಡಿಸು, ಬಗ್ಗಿಸು, ಹೀಗೆ. ಆಮೇಲೆ ಒಂದೊಂದನ್ನೂ ಮಾಡಿ ನೋಡಿದರು. ಕರಗಿದ ಸೀಸವನ್ನು ಗೋಡೆ ಮತ್ತು ನೆಲ ಸೇರುವ ಮೂಲೆಗೆ ಎರಚಿದರು. ಸೀಸ 327 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಸೌಟಿನಲ್ಲಿ ಎತ್ತಿ ಎಸೆಯಲು ಆಗುತ್ತದೆ. ಎಸೆದ ರಭಸವೇ ಅಲ್ಲಿ ಗಟ್ಟಿಯಾಗಿ ನಿಂತಿತು. ಅದೇ ಕೆಲಸ ಉಕ್ಕಿನಲ್ಲಿ ಮಾಡಬೇಕೆಂದರೆ 1,500 ಡಿಗ್ರಿ ಹತ್ತಿರ ಬೇಕು. ಲೋಹ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ.

ಎವರ್ಟ್ ಹಿಲ್ಗೆಮನ್ ಎಂಬ ಕಲಾವಿದ ಸ್ಟೇನ್‌ಲೆಸ್ ಸ್ಟೀಲಿನ ಪೆಟ್ಟಿಗೆಗಳನ್ನು ಒಂದಿಷ್ಟೂ ಸಂದಿಯಿಲ್ಲದಂತೆ ಬೆಸೆದು, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುತ್ತಾರೆ. ಹೊರಗಿನ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 10 ಟನ್ ಭಾರ ಹಾಕುತ್ತದೆ. ಒಳಗಿನಿಂದ ತಡೆಯುವ ಗಾಳಿ ಇಲ್ಲವಾದಾಗ ಪೆಟ್ಟಿಗೆ ಮುದುಡಿಕೊಳ್ಳುತ್ತದೆ. ಸುತ್ತಿಗೆ ಇಲ್ಲ, ಬೆಂಕಿ ಇಲ್ಲ. ನಾವು ದಿನಾ ಉಸಿರಾಡುವ ಗಾಳಿಯೇ ಶಿಲ್ಪಿ.

ಒಂದು ಪ್ರಯೋಗವನ್ನು ಮೊದಲಿಂದ ಕೊನೆವರೆಗೆ ಹೇಳುತ್ತೀರಾ?

ಹೇಳುತ್ತೇನೆ. ನನಗೆ ತುಂಬಾ ಹಿಡಿಸಿದ ಕೆಲಸ ತಗಡನ್ನು ನೀರಿನಿಂದ ಉಬ್ಬಿಸುವುದು.

ಒಂದೂವರೆ ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಎರಡು ತಗಡು ತೆಗೆದುಕೊಳ್ಳುತ್ತೇನೆ. ಒಂದೇ ಅಳತೆ, ಒಂದರ ಮೇಲೊಂದು. ಅಂಚನ್ನು ಸುತ್ತಲೂ ಬೆಸೆಯುತ್ತೇನೆ. ಒಂದು ಕಡೆ ಚಿಕ್ಕ ನಳಿಗೆ ಕೂರಿಸಿ, ಕೈಪಂಪಿನಿಂದ ಒಳಗೆ ನೀರು ಒತ್ತುತ್ತೇನೆ. ಮೊದಲು ಏನೂ ಆಗುವುದಿಲ್ಲ. ಒಳಗಿದ್ದ ಗಾಳಿ ಪೂರ್ತಿ ಹೊರಗೆ ಬರಬೇಕು. ಆಮೇಲೆ ನಡುವೆ ನಿಧಾನವಾಗಿ ಹೊಟ್ಟೆ ಬರುತ್ತದೆ. ತಗಡು ಕರಕರ ಅನ್ನುತ್ತದೆ. ನಡುವೆ ಉಬ್ಬಿದಂತೆ ಅಂಚು ಒಳಕ್ಕೆ ಬರಬೇಕು, ಆದರೆ ಅಂಚಿನ ಉದ್ದ ಕಮ್ಮಿಯಾಗಲು ಸಾಧ್ಯವಿಲ್ಲ. ಆ ಹೆಚ್ಚುವರಿ ಉದ್ದ ಎಲ್ಲಿಗೆ ಹೋಗಬೇಕು? ಸುಕ್ಕಾಗುತ್ತದೆ. ಟಕ್ ಅನ್ನುವ ಸದ್ದಿನೊಂದಿಗೆ ಅಂಚಿನಲ್ಲಿ ಒಂದು ನೆರಿಗೆ ಮೂಡುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಚೌಕದ ತಗಡಾದರೆ ನಾಲ್ಕು ಮೂಲೆ ಕಿವಿಯಂತೆ ಹೊರಗೆ ಉಳಿದು, ಬದಿಗಳು ಒಳಕ್ಕೆ ಸರಿಯುತ್ತವೆ. ದುಂಡು ತಗಡಾದರೆ ನೆರಿಗೆಗಳು ಸುತ್ತಲೂ ಹಂಚಿಕೊಳ್ಳುತ್ತವೆ. ಕೊನೆಗೆ ನೋಡಿದರೆ ಹತ್ತಿ ತುಂಬಿದ ದಿಂಬು. ಮುಟ್ಟಿದರೆ ತಣ್ಣನೆ ಗಟ್ಟಿ ಉಕ್ಕು. ಕಣ್ಣು ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ.

ಇಲ್ಲಿ ನನ್ನ ಕೈಯಲ್ಲಿರುವುದು ತಗಡಿನ ಹೊರರೇಖೆ, ದಪ್ಪ, ಮತ್ತು ಎಲ್ಲಿ ನಿಲ್ಲಿಸಬೇಕು ಅನ್ನುವ ತೀರ್ಮಾನ ಮಾತ್ರ. ನೆರಿಗೆ ಎಲ್ಲಿ ಬೀಳಬೇಕು ಅನ್ನುವುದನ್ನು ತಗಡು ತೀರ್ಮಾನಿಸುತ್ತದೆ. ಅಂಚಿನಲ್ಲಿ ಒಂದು ಕಡೆ ಬೆಸುಗೆ ದಪ್ಪವಾಗಿದ್ದರೆ ನೆರಿಗೆ ಅದನ್ನು ಬಿಟ್ಟು ಪಕ್ಕದಲ್ಲಿ ಬೀಳುತ್ತದೆ. ಇದು ಗೊತ್ತಾದ ಮೇಲೆ ಬೆಸುಗೆಯ ದಪ್ಪವೂ ಒಂದು ಸಾಧನವಾಯಿತು.

ಒಂದು ಮಾತು ಮುಖ್ಯ. ಗಾಳಿ ಬೇಡ, ನೀರೇ ಬೇಕು. ಅದುಮಿದ ಗಾಳಿಯಲ್ಲಿ ಶಕ್ತಿ ಕೂಡಿಕೊಂಡಿರುತ್ತದೆ. ಬೆಸುಗೆ ಬಿಟ್ಟರೆ ಸಿಡಿಯುತ್ತದೆ, ಜೀವಕ್ಕೇ ಅಪಾಯ. ನೀರು ಅಷ್ಟಾಗಿ ಕುಗ್ಗುವುದಿಲ್ಲ. ಬಿರುಕು ಬಿಟ್ಟರೆ ಒತ್ತಡ ಕೂಡಲೇ ಇಳಿದು ನೀರು ಚಿಮ್ಮುತ್ತದೆ ಅಷ್ಟೆ. ಆದರೂ ಕಣ್ಣಿಗೆ ಕನ್ನಡಕ ಇರಲಿ, ಮುಖ ಬೆಸುಗೆಯ ಅಂಚಿನ ನೇರಕ್ಕೆ ಬೇಡ.

ಯಾವ ಲೋಹ ಯಾವುದಕ್ಕೆ ಒಳ್ಳೆಯದು?

ಮೆದು ಉಕ್ಕು ಎಲ್ಲಕ್ಕಿಂತ ಸ್ನೇಹಪರ. ಬಾಗುತ್ತದೆ, ಬೆಸೆಯುತ್ತದೆ, ತಪ್ಪಾದರೆ ಕತ್ತರಿಸಿ ಮತ್ತೆ ಸೇರಿಸಬಹುದು. ಕಲಿಯುವವರು ಇದರಿಂದಲೇ ಶುರು ಮಾಡಲಿ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಬೆಳಕಿನ ಜೊತೆ ಆಡಬೇಕೆಂದರೆ ಇದು ಬೇಕು. ಡೇವಿಡ್ ಸ್ಮಿತ್ ತನ್ನ 'ಕ್ಯೂಬಿ' ಸರಣಿಯ 28 ಶಿಲ್ಪಗಳ ಮೈಮೇಲೆ ಗ್ರೈಂಡರಿನಿಂದ ಗೀರು ಎಳೆದರು. ಬಯಲಿನಲ್ಲಿ ನಿಂತ ಆ ಪೆಟ್ಟಿಗೆಗಳು ಹಗಲಿನ ಬೆಳಕು ಬದಲಾದಂತೆ ಬಣ್ಣ ಬದಲಿಸುತ್ತವೆ. ಇನ್ನೊಂದು ತುದಿಯಲ್ಲಿ ಷಿಕಾಗೋದಲ್ಲಿರುವ ಅನೀಶ್ ಕಪೂರ್ ಅವರ 'ಕ್ಲೌಡ್ ಗೇಟ್'. 168 ತಗಡುಗಳನ್ನು ಬೆಸೆದು, ಒಂದೇ ಒಂದು ಜೋಡಣೆಯೂ ಕಾಣದಂತೆ ಉಜ್ಜಿದ್ದಾರೆ. ಒಂದೇ ಲೋಹ. ಒಬ್ಬರು ಕೈಗುರುತನ್ನು ಎತ್ತಿ ತೋರಿಸಿದರು, ಇನ್ನೊಬ್ಬರು ಪೂರ್ತಿ ಅಳಿಸಿದರು.

ತಾಮ್ರ ಬಡಿದಷ್ಟೂ ಗಟ್ಟಿಯಾಗುತ್ತದೆ. ಗಟ್ಟಿಯಾಯಿತು ಅನಿಸಿದಾಗ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿಗೆ ಹೀಗೆ ಮಾಡಿದರೆ ಉಲ್ಟಾ, ಇನ್ನೂ ಗಡುಸಾಗುತ್ತದೆ.

ಅಲ್ಯುಮಿನಿಯಂ ಹಗುರ, ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ. ಆದರೆ ಕಾಯಿಸುವಾಗ ಅದು ಸುಳಿವು ಕೊಡುವುದಿಲ್ಲ. ಉಕ್ಕು ಕೆಂಪಗಾಗಿ ಹೇಳುತ್ತದೆ. ಅಲ್ಯುಮಿನಿಯಂ ಬಣ್ಣ ಬದಲಿಸದೆ ಸುಮಾರು 660 ಡಿಗ್ರಿಯಲ್ಲಿ ದಿಢೀರನೆ ಕುಸಿಯುತ್ತದೆ. ಅದಕ್ಕೆ ಹಳಬರ ಉಪಾಯ ಸೋಪು. ತಗಡಿನ ಮೇಲೆ ಒಂದು ಗೆರೆ ಸೋಪು ಉಜ್ಜಿ, ಅದು ಕಪ್ಪಾಗುವವರೆಗೆ ಕಾಯಿಸಿದರೆ ಲೋಹ ಮೆತ್ತಗಾಗುವ ಹದಕ್ಕೆ ಬಂದಿದೆ ಅಂತ ಅರ್ಥ.

ಬೆಸೆದ ತಗಡು ಯಾಕೆ ಸೊಟ್ಟಗಾಗುತ್ತದೆ?

ಕಾದ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ಲೋಹ ಬಿಡುವುದಿಲ್ಲ. ಹಾಗಾಗಿ ಕಾದ ಭಾಗ ತನ್ನಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ಆರಿದಾಗ ಮೊದಲಿಗಿಂತ ಚಿಕ್ಕದಾಗಿ, ಪಕ್ಕದ್ದನ್ನೆಲ್ಲ ತನ್ನ ಕಡೆ ಎಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಈ ಕಾಟ ಜಾಸ್ತಿ. ಅದು ಹೆಚ್ಚು ಹಿಗ್ಗುತ್ತದೆ, ಬಿಸಿಯನ್ನು ಬೇಗ ಹಂಚುವುದೂ ಇಲ್ಲ.

ಕಾರ್ಖಾನೆಯಲ್ಲಿ ಇದು ದೋಷ. ನನಗೆ ಇದು ಸಾಧನ. ಚಪ್ಪಟೆ ತಗಡಿನ ಒಂದೇ ಮುಖದಲ್ಲಿ ಬೆಸುಗೆಯ ಸಾಲುಗಳನ್ನು ಎಳೆದರೆ, ಯಾವ ಯಂತ್ರವೂ ಇಲ್ಲದೆ ಅದು ಆ ಕಡೆಗೆ ಬಾಗುತ್ತದೆ. ಸಾಲು ಹತ್ತಿರ ಇದ್ದರೆ ಹೆಚ್ಚು ಬಾಗು, ದೂರ ಇದ್ದರೆ ಕಮ್ಮಿ. ನನ್ನ ಕೆಲವು ಶಿಲ್ಪಗಳ ಮೈಮೇಲೆ ಕಾಣುವ ಗೆರೆಗಳು ಅಲಂಕಾರ ಅಲ್ಲ. ಆ ಬಾಗು ಬಂದಿದ್ದೇ ಆ ಗೆರೆಗಳಿಂದ.

ಆ ನೀಲಿ, ನೇರಳೆ, ಬಂಗಾರದ ಬಣ್ಣಗಳು ಪೇಂಟಾ?

ಅಲ್ಲ. ಉಜ್ಜಿದ ಉಕ್ಕನ್ನು ಕಾಯಿಸಿದರೆ ಮೇಲೆ ತೆಳ್ಳನೆ ಆಕ್ಸೈಡ್ ಪೊರೆ ಬೆಳೆಯುತ್ತದೆ. ಪೊರೆಯ ದಪ್ಪಕ್ಕೆ ತಕ್ಕಂತೆ ಬೆಳಕು ಬಣ್ಣವಾಗಿ ಕಾಣುತ್ತದೆ. 220 ಡಿಗ್ರಿ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, 280ರ ಹತ್ತಿರ ನೇರಳೆ, 300ರ ಸುಮಾರಿಗೆ ನೀಲಿ. ಬಣ್ಣ ಉರಿಯ ಮುಂದೆ ಮುಂದೆ ಓಡುತ್ತಿರುತ್ತದೆ, ಬೇಕಾದ ಕಡೆ ಬಂದ ಕೂಡಲೇ ಉರಿ ತೆಗೆಯಬೇಕು. ಒಂದು ಕ್ಷಣ ತಡವಾದರೆ ನೀಲಿ ದಾಟಿ ಬೂದು ಬಣ್ಣ.

ತಾಮ್ರ ಮತ್ತು ಕಂಚಿಗೆ ರಾಸಾಯನಿಕಗಳನ್ನು ಬಳಸುತ್ತೇವೆ. ತಾಮ್ರದ ನೈಟ್ರೇಟ್ ಕಿಲುಬಿನ ಹಸಿರು ನೀಲಿ ಕೊಡುತ್ತದೆ, ಕಬ್ಬಿಣದ ನೈಟ್ರೇಟ್ ಕೆಂಗಂದು. ಮೇಲೆ ಮೇಣ.

ಪೇಂಟ್ ಬಳಸುವುದೂ ತಪ್ಪಲ್ಲ. ಇಂಗ್ಲೆಂಡಿನ ಶಿಲ್ಪಿ ಆಂಟನಿ ಕಾರೊ ಅವರ 1962ರ 'ಅರ್ಲಿ ಒನ್ ಮಾರ್ನಿಂಗ್' ಆರು ಮೀಟರ್ ಉದ್ದದ ಕೆಲಸ. ಮೊದಲು ಅದಕ್ಕೆ ಹಸಿರು ಬಳಿದಿದ್ದರು. ಚಿತ್ರಕಲಾವಿದೆಯಾಗಿದ್ದ ಅವರ ಹೆಂಡತಿ ಷೀಲಾ ಗರ್ಲಿಂಗ್ ಕೆಂಪು ಸೂಚಿಸಿದರು. ಇಡೀ ಕೆಲಸಕ್ಕೆ ಒಂದೇ ಕೆಂಪು ಬಂದ ಮೇಲೆ ಬಿಡಿಬಿಡಿ ತುಂಡುಗಳು ಒಂದಾದವು, ಉಕ್ಕಿನ ಭಾರವೂ ಕಣ್ಣಿನಿಂದ ಮರೆಯಾಯಿತು. ಕಾರೊ ಅದನ್ನು ಪೀಠದ ಮೇಲೆ ಇಡದೆ ನೇರ ನೆಲದ ಮೇಲೆ ನಿಲ್ಲಿಸಿದರು. ನಾವು ನಿಂತ ನೆಲದಲ್ಲೇ ಶಿಲ್ಪವೂ ನಿಂತಿತು. ಇವತ್ತು ಇದು ಮಾಮೂಲಿ ಅನಿಸಬಹುದು, ಆಗ ದೊಡ್ಡ ಹೆಜ್ಜೆ.

ತುಕ್ಕು ಹಿಡಿದರೆ ಕೆಲಸ ಹಾಳಾಗುವುದಿಲ್ಲವೇ?

ಯಾವ ಉಕ್ಕು ಅನ್ನುವುದರ ಮೇಲೆ ಹೋಗುತ್ತದೆ. ಮಾಮೂಲಿ ಉಕ್ಕಿನ ತುಕ್ಕು ಹುಡಿಹುಡಿ, ಉದುರುತ್ತದೆ, ಒಳಗೊಳಗೆ ತಿನ್ನುತ್ತಾ ಹೋಗುತ್ತದೆ. ಕಾರ್ಟೆನ್ ಥರದ ಉಕ್ಕಿನಲ್ಲಿ ಸ್ವಲ್ಪ ತಾಮ್ರ, ಕ್ರೋಮಿಯಂ, ನಿಕಲ್ ಬೆರೆತಿರುತ್ತದೆ. ಅದರ ತುಕ್ಕು ಒತ್ತಾಗಿ ಅಂಟಿಕೊಂಡು ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಮೊದಲು ಕಿತ್ತಳೆ, ವರ್ಷಗಳು ಕಳೆದಂತೆ ಗಾಢ ಕಂದು. ಆದರೆ ನೆನೆಯುವುದು, ಒಣಗುವುದು ಎರಡೂ ಸರದಿಯಲ್ಲಿ ಆಗುತ್ತಿರಬೇಕು. ನೀರು ನಿಲ್ಲುವ ಮೂಲೆ ಇದ್ದರೆ ಅಲ್ಲಿ ಕವಚ ಕಟ್ಟುವುದಿಲ್ಲ, ತೂತೇ ಬೀಳುತ್ತದೆ. ಉಪ್ಪುಗಾಳಿಯೂ ಆಗದು. ಮೊದಲ ಮಳೆಗಳಲ್ಲಿ ಕಂದು ನೀರು ಇಳಿದು ಕೆಳಗಿನ ನೆಲಕ್ಕೆ ಕಲೆ ಹಿಡಿಸುತ್ತದೆ, ಅದನ್ನು ಮೊದಲೇ ಯೋಚಿಸಿ.

ಇಷ್ಟು ಭಾರದ್ದು ಬೀಳದೆ ಹೇಗೆ ನಿಲ್ಲುತ್ತದೆ?

ಒಟ್ಟು ಭಾರದ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಬುಡದ ಒಳಗೇ ಬೀಳಬೇಕು. ಸೂತ್ರ ಇಷ್ಟೇ. ಹೊರಗೆ ಇಡುವ ಕೆಲಸಕ್ಕೆ ಗಾಳಿಯ ತಳ್ಳುವಿಕೆಯ ಲೆಕ್ಕವೂ ಬೇಕು. ಅಗಲ ತಗಡು ಹಾಯಿಯಾಗಿಬಿಡುತ್ತದೆ. ಜನ ಓಡಾಡುವ ಕಡೆ ಎಂಜಿನಿಯರ್ ಲೆಕ್ಕ ಹಾಕದೆ ಏನನ್ನೂ ನಿಲ್ಲಿಸಬೇಡಿ.

ಉದ್ದದ ಕೆಲಸ ಬಿಸಿಲಿಗೆ ಹಿಗ್ಗುವುದನ್ನೂ ಮರೆಯಬಾರದು. 10 ಮೀಟರ್ ಉಕ್ಕು 30 ಡಿಗ್ರಿ ವ್ಯತ್ಯಾಸಕ್ಕೆ ಮೂರೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಎರಡೂ ತುದಿ ಬಿಗಿದರೆ ನಡುವೆ ಬಾಗುತ್ತದೆ, ಇಲ್ಲವೇ ಬೋಲ್ಟ್ ಕೀಳುತ್ತದೆ.

ಗುಜರಿ ಸಾಮಾನು ಬಳಸಬಹುದೇ?

ಖಂಡಿತ. ಜಾನ್ ಚೇಂಬರ್ಲೇನ್ ಜಜ್ಜಿದ ಕಾರಿನ ಭಾಗಗಳಿಂದ ಶಿಲ್ಪ ಮಾಡಿದರು. ಎಲ್ ಅನಾಟ್ಸುಯಿ ಬಾಟಲಿಯ ಅಲ್ಯುಮಿನಿಯಂ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೆಣೆದು ಗೋಡೆಯಗಲ ಹರಡುತ್ತಾರೆ. 1962ರಲ್ಲಿ ಇಟಲಿಯ ವೋಲ್ಟ್ರಿಯಲ್ಲಿ ಡೇವಿಡ್ ಸ್ಮಿತ್‌ಗೆ ಮುಚ್ಚಿದ ಕಾರ್ಖಾನೆಯೊಂದು ಸಿಕ್ಕಿತು. ಅಲ್ಲಿ ಬಿದ್ದಿದ್ದ ಚಿಮಟ, ಚಕ್ರ, ತುಂಡು ತಗಡುಗಳಿಂದ 30 ದಿನದಲ್ಲಿ 27 ಶಿಲ್ಪ ಮಾಡಿದರು.

ಒಂದು ಎಚ್ಚರಿಕೆ: ಹಳೆಯ ಡ್ರಮ್, ಪೆಟ್ರೋಲ್ ಟ್ಯಾಂಕ್, ಮುಚ್ಚಿದ ಕೊಳವೆಗಳನ್ನು ಹಾಗೇ ಕತ್ತರಿಸಬೇಡಿ. ಖಾಲಿ ಅಂತ ಕಂಡರೂ ಒಳಗಿನ ಆವಿ ಒಂದು ಕಿಡಿಗೆ ಸ್ಫೋಟಿಸುತ್ತದೆ.

ಆರೋಗ್ಯಕ್ಕೆ ಅಪಾಯ ಏನೇನಿದೆ?

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದರೆ ಆಗ ಏನೂ ಅನಿಸುವುದಿಲ್ಲ. ಕೆಲವು ಗಂಟೆಗಳ ಮೇಲೆ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದೆ. ಪಕ್ಕದಲ್ಲಿ ನಿಂತು ನೋಡುವವರಿಗೂ ಇದು ತಪ್ಪಿದ್ದಲ್ಲ. ಸತುವಿನ ಲೇಪ ಇರುವ ತಗಡನ್ನು ಬೆಸೆದರೆ ಬರುವ ಬಿಳಿ ಹೊಗೆಯಿಂದ ಚಳಿಜ್ವರ ಬರುತ್ತದೆ, ಮೊದಲು ಲೇಪವನ್ನು ತೆಗೆಯಿರಿ. ಸ್ಟೇನ್‌ಲೆಸ್ ಸ್ಟೀಲಿನ ಬೆಸುಗೆಯ ಹೊಗೆಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ರೂಪ ಇರುತ್ತದೆ, ಹೊಗೆ ಹೀರುವ ವ್ಯವಸ್ಥೆ ಮತ್ತು ಸರಿಯಾದ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಸೀಸದ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ. ಅಲ್ಯುಮಿನಿಯಂ ಪುಡಿ ಮತ್ತು ತುಕ್ಕಿನ ಪುಡಿ ಒಂದೇ ಕಡೆ ಸೇರಬಾರದು, ಆ ಮಿಶ್ರಣ ಹೊತ್ತಿಕೊಂಡರೆ ಆರಿಸುವುದು ಅಸಾಧ್ಯ.

ಇದು ಕಲೆ ಅಂತ ತೀರ್ಮಾನಿಸುವವರು ಯಾರು?

ಒಮ್ಮೆ ಕೋರ್ಟೇ ತೀರ್ಮಾನಿಸಬೇಕಾಯಿತು. 1926ರಲ್ಲಿ ಶಿಲ್ಪಿ ಬ್ರಾಂಕೂಸಿ ಅವರ 'ಬರ್ಡ್ ಇನ್ ಸ್ಪೇಸ್' (ಬಾನಿನಲ್ಲಿ ಹಕ್ಕಿ) ಅಮೆರಿಕಕ್ಕೆ ಬಂದಾಗ ಸುಂಕದವರು ಒಪ್ಪಲಿಲ್ಲ. ರೆಕ್ಕೆ ಇಲ್ಲ, ಪುಕ್ಕ ಇಲ್ಲ, ನುಣುಪಾದ ಕಂಚಿನ ಒಂದು ಏರು ಮಾತ್ರ. ಕಲಾಕೃತಿಗೆ ಸುಂಕ ಇರಲಿಲ್ಲ. ಇದನ್ನು ಬರೀ ಲೋಹದ ಸಾಮಾನು ಅಂತ ಶೇ. 40 ಸುಂಕ ಹಾಕಿದರು. ಕೇಸು ನಡೆದು, 1928ರಲ್ಲಿ ತೀರ್ಪು ಬ್ರಾಂಕೂಸಿ ಪರ ಬಂತು: ಯಾವುದನ್ನೂ ಹೋಲದಿದ್ದರೂ ಅದು ಕಲೆ ಆಗಬಹುದು.

ಉಲ್ಟಾ ಕಥೆಯೂ ಇದೆ. ಸೆರಾ ಅವರ 'ಟಿಲ್ಟೆಡ್ ಆರ್ಕ್' 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಬಾಗುಗೋಡೆ. 1981ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಕಚೇರಿಗಳ ಮುಂದಿನ ಬಯಲಿನಲ್ಲಿ ನಿಂತಿತು. ಅಲ್ಲಿ ಕೆಲಸ ಮಾಡುವ ಅನೇಕರು ಓಡಾಟಕ್ಕೆ ಅಡ್ಡ ಅಂತ ದೂರಿದರು. ದೊಡ್ಡ ಜಗಳದ ನಂತರ 1989ರಲ್ಲಿ ಅದನ್ನು ಕತ್ತರಿಸಿ ಸಾಗಿಸಿದರು. ನನಗೆ ಆ ಕೆಲಸ ಇಷ್ಟ, ಅದು ಉಳಿಯಬೇಕಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ದಿನಾ ಆ ಬಯಲು ದಾಟುವವರ ಮಾತನ್ನೂ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಮುಟ್ಟಬಹುದಾ?

ಕೇಳಿ ಮುಟ್ಟಿ. ಬೆವರಿನ ಉಪ್ಪು ಉಜ್ಜಿದ ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎಬ್ಬಿಸುತ್ತದೆ. ಮೇಣ ಹಚ್ಚಿದವನ್ನು ಧಾರಾಳವಾಗಿ ಮುಟ್ಟಬಹುದು.

ಹೆಸರು ಯಾಕೆ ಇಡುವುದಿಲ್ಲ?

ಹೆಸರು ಓದಿದ ಕೂಡಲೇ ಕಣ್ಣು ಅದನ್ನೇ ಹುಡುಕುತ್ತದೆ. ನಾನು ಲೋಹ, ದಪ್ಪ, ಮಾಡಿದ ಕ್ರಿಯೆ ಇಷ್ಟನ್ನೇ ಬರೆಯುತ್ತೇನೆ.

ನಾನೂ ಶುರು ಮಾಡಬೇಕು. ಹೇಗೆ?

ಮೊದಲು ರಟ್ಟು ಮತ್ತು ಕತ್ತರಿ. ರಟ್ಟು ತಗಡಿನ ಹಾಗೇ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಎರಡು ದಿಕ್ಕಿಗೆ ಒಟ್ಟಿಗೆ ಬಾಗುವುದಿಲ್ಲ. ಆಮೇಲೆ ಕೈಯಲ್ಲೇ ಬಾಗುವ ತಂತಿ ಮತ್ತು ಇಕ್ಕಳ. ಅಮೆರಿಕದ ಶಿಲ್ಪಿ ಕಾಲ್ಡರ್ ಓದಿದ್ದು ಎಂಜಿನಿಯರಿಂಗ್, ಆದರೆ ಗಾಳಿಗೆ ತಿರುಗುವ ದೊಡ್ಡ ಶಿಲ್ಪಗಳಿಗೆ ಮೊದಲು ಅವರ ಕೈ ಪಳಗಿದ್ದು ತಂತಿಯಲ್ಲಿ. ಬೆಸುಗೆಯನ್ನು ಮಾತ್ರ ಬಲ್ಲವರ ಹತ್ತಿರ ಎದುರು ಕೂತೇ ಕಲಿಯಿರಿ, ವಿಡಿಯೊ ಸಾಲದು.

ಪ್ರತಿ ಪ್ರಯೋಗದ ಒಂದು ತುಂಡನ್ನು ಇಟ್ಟುಕೊಳ್ಳಿ. ದಪ್ಪ, ಕಾಯಿಸಿದ ಬಣ್ಣ, ಬಾಗಿದ ಕೋನವನ್ನು ಅದರ ಮೇಲೆಯೇ ಬರೆಯಿರಿ. ತಗಡನ್ನು 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ಅದು ಕೆಲವು ಡಿಗ್ರಿ ಹಿಂದಕ್ಕೆ ಬರುತ್ತದೆ. ಎಷ್ಟು ಅನ್ನುವುದು ಪ್ರತಿ ಲೋಹಕ್ಕೂ ಪ್ರತಿ ದಪ್ಪಕ್ಕೂ ಬೇರೆ. ನಿಮ್ಮ ತುಂಡುಗಳೇ ನಿಮ್ಮ ಪಠ್ಯ.

ಹೊರಗಿಟ್ಟ ಶಿಲ್ಪವನ್ನು ನೋಡಿಕೊಳ್ಳುವುದು ಹೇಗೆ?

ಕಂಚು, ತಾಮ್ರವಾದರೆ ವರ್ಷಕ್ಕೊಮ್ಮೆ ಮೆದು ಸೋಪಿನ ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮೇಣ ಹಚ್ಚಿ. ಸ್ಟೇನ್‌ಲೆಸ್ ಸ್ಟೀಲಿಗೆ ಕಬ್ಬಿಣದ ಬ್ರಷ್ ಬೇಡ. ಅದರ ಕಣಗಳು ಅಂಟಿಕೊಂಡು ತುಕ್ಕಿನ ಚುಕ್ಕೆ ಏಳುತ್ತದೆ. ಬೇರೆ ಬೇರೆ ಲೋಹ ಸೇರುವ ಕಡೆ, ಉದಾಹರಣೆಗೆ ಅಲ್ಯುಮಿನಿಯಂ ಮತ್ತು ತಾಮ್ರ, ನಡುವಿನ ರಬ್ಬರ್ ಅಥವಾ ನೈಲಾನ್ ಪಟ್ಟಿ ಸರಿಯಾಗಿದೆಯೇ ನೋಡಿ. ಅದು ಸವೆದು ಎರಡೂ ತಾಗಿದರೆ, ಮಳೆನೀರು ಬಿದ್ದಾಗಲೆಲ್ಲ ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ಟೊಳ್ಳು ಶಿಲ್ಪದ ತಳದಲ್ಲಿ ನೀರು ಇಳಿಯಲು ಚಿಕ್ಕ ತೂತು ಬಿಟ್ಟಿರುತ್ತಾರೆ. ಅದು ಎಲೆ, ಮಣ್ಣಿನಿಂದ ಕಟ್ಟಿಕೊಳ್ಳದಂತೆ ಮಳೆಗಾಲಕ್ಕೆ ಮೊದಲು ಒಂದು ತಂತಿ ಹಾಕಿ ಬಿಡಿಸಿ.